ಹತ್ತು ನಿಮಿಷಕ್ಕೆ ಎರಡೂವರೆ ಮಿಲಿಮೀಟರ್

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಇಂಗಾಲದ ನ್ಯಾನೊಕೊಳವೆಗಳು ಸಿಕ್ಕಿದ್ದು ಕರಕಿನಲ್ಲಿ. ಎರಡು ಗ್ರಾಫೈಟ್ ಸರಳುಗಳ ನಡುವೆ ವಿದ್ಯುತ್ ಚಾಪ ಹೊತ್ತಿಸಿದಾಗ ಒಂದರ ತುದಿಗೆ ಅಂಟಿಕೊಂಡ ಕರಕು ಅದು. ಇಂಥ ಟೊಳ್ಳು ಎಳೆಗಳ ಚಿತ್ರಗಳನ್ನು ಸೋವಿಯತ್ ವಿಜ್ಞಾನಿಗಳಾದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ 1952ರಲ್ಲೇ ಪ್ರಕಟಿಸಿದ್ದರು. ಆದರೆ ಜಗತ್ತು ಈ ಕೊಳವೆಗಳ ಬೆನ್ನುಹತ್ತಿದ್ದು ಇಜಿಮಾರ ಲೇಖನ ಬಂದ ಮೇಲೆ.

ಬೆನ್ನುಹತ್ತಿದವರಿಗೆ ಪರೀಕ್ಷಿಸಲು ಬೇಕಾದಷ್ಟು ಕೊಳವೆಗಳೇ ಇರಲಿಲ್ಲ. ಮರುವರ್ಷ ಇಜಿಮಾರ ಎನ್‌ಇಸಿ ಸಂಸ್ಥೆಯಲ್ಲೇ ಥಾಮಸ್ ಎಬ್ಬೆಸನ್ ಮತ್ತು ಕೇರಳದ ಪುಲಿಕ್ಕಲ್ ಅಜಯನ್ ಚಾಪದ ಸುತ್ತಲಿನ ಹೀಲಿಯಂ ಅನಿಲದ ಒತ್ತಡವನ್ನು ಹೆಚ್ಚಿಸಿ, ಗ್ರಾಂ ಲೆಕ್ಕದಲ್ಲಿ ಕೊಳವೆ ತೆಗೆದರು. 1996ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲಿ ತಂಡ ನಿಕಲ್, ಕೋಬಾಲ್ಟ್ ಬೆರೆಸಿದ ಗ್ರಾಫೈಟನ್ನು 1200 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಲೇಸರ್‌ನಿಂದ ಆವಿ ಮಾಡಿತು. ಏಕಪದರದ ಕೊಳವೆಗಳ ಇಳುವರಿ ಶೇ. 70 ದಾಟಿತು.

ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಹಿಡಿದ ದಾರಿ ಬೇರೆ. 1997-98ರ ಸುಮಾರಿಗೆ ಅವರು ಫೆರೋಸೀನ್ ಎಂಬ ಸಂಯುಕ್ತದ ಆವಿಯನ್ನು ಬಿಸಿ ಕುಲುಮೆಗೆ ಬಿಟ್ಟರು. ಅದರ ಒಂದೊಂದು ಅಣುವಿನಲ್ಲೂ ಇಂಗಾಲವಿದೆ, ಕಬ್ಬಿಣವೂ ಇದೆ. ಆವಿ ಒಡೆದರೆ ವೇಗವರ್ಧಕವಾಗುವ ಕಬ್ಬಿಣದ ಕಣಗಳು ಅಲ್ಲಿಯೇ ಹುಟ್ಟುತ್ತವೆ. ಅವನ್ನು ಮೊದಲೇ ತಯಾರಿಸಿಡುವ ಕೆಲಸವೇ ಇಲ್ಲ. ಸಾಲುಹಿಡಿದು ನಿಂತ ಕೊಳವೆಗಳ ಕಟ್ಟುಗಳೂ ಈ ವಿಧಾನದಲ್ಲಿ ಸಿಕ್ಕವು.

ಆದರೂ ಒಂದು ಗಂಟು ಬಿಚ್ಚಿರಲಿಲ್ಲ. ಕೊಳವೆ ಬೆಳೆಸುವ ಲೋಹದ ಕಣದ ಮೇಲೆ ಬೇಡದ ಇಂಗಾಲ ಪದರಗಟ್ಟುತ್ತದೆ. ಹಾಗೆ ಮುಚ್ಚಿಹೋದ ಕಣ ಸತ್ತಂತೆಯೇ, ಬೆಳವಣಿಗೆ ಅಲ್ಲಿಗೆ ನಿಂತಿತು.

ಇದನ್ನು ಬಿಚ್ಚಿದ್ದು ನೀರು. ಈ ಚರಿತ್ರೆಯಲ್ಲಿ ಇಷ್ಟು ಸೊಗಸಾದ ಘಟ್ಟ ಮತ್ತೊಂದಿಲ್ಲ. 2004ರಲ್ಲಿ ತ್ಸುಕುಬದ ಸರ್ಕಾರಿ ಸಂಶೋಧನಾ ಸಂಸ್ಥೆ ಎಐಎಸ್‌ಟಿಯ ಕೆಂಜಿ ಹಾತಾ ಮತ್ತು ಸಂಗಡಿಗರು ಎಥಿಲೀನ್ ಅನಿಲದ ಜೊತೆ ಅತ್ಯಲ್ಪ ನೀರಾವಿ ಸೇರಿಸಿದರು, ಹತ್ತು ಲಕ್ಷ ಭಾಗಕ್ಕೆ ಹೆಚ್ಚೆಂದರೆ ಕೆಲವು ನೂರು ಭಾಗ. ಕಣವನ್ನು ಮುಚ್ಚುವ ಇಂಗಾಲವನ್ನು ನೀರು ತೆಗೆದುಹಾಕಿತು, ಕೊಳವೆಗಳನ್ನು ಮುಟ್ಟಲಿಲ್ಲ. ಈ ಅಳತೆ ಮೀರಿದರೆ ಬೆಳೆ ಕೆಡುತ್ತದೆ. ಸಿಲಿಕಾನ್ ಬಿಲ್ಲೆಯ ಮೇಲಿನ ಅತಿ ತೆಳುವಾದ ಕಬ್ಬಿಣದ ಲೇಪದಿಂದ ಹತ್ತೇ ನಿಮಿಷದಲ್ಲಿ 2.5 ಮಿಲಿಮೀಟರ್ ಎತ್ತರದ ಕಪ್ಪು ಕಾಡು ಎದ್ದು ನಿಂತಿತು, ಬರಿಗಣ್ಣಿಗೆ ಕಾಣುವಷ್ಟು. ಅದನ್ನು ಬ್ಲೇಡಿನಿಂದ ಬಿಡಿಸಿ ತೆಗೆದರೆ ಕಬ್ಬಿಣ ಬಿಲ್ಲೆಯ ಮೇಲೇ ಉಳಿಯುತ್ತಿತ್ತು. ಕೊಳವೆಗಳ ಶುದ್ಧತೆ ಶೇ. 99.98. ಅಲ್ಲಿಯವರೆಗೆ ಲೋಹ ತೊಲಗಿಸಲು ಆಮ್ಲದಲ್ಲಿ ಕುದಿಸುತ್ತಿದ್ದವರ ದೊಡ್ಡ ಶ್ರಮ ಇಲ್ಲಿ ಉಳಿಯಿತು.

ಮುಂದೆ ದುಬಾರಿ ಸಿಲಿಕಾನ್ ಬದಲು ಲೋಹದ ಹಾಳೆಯ ಮೇಲೆ ಬೆಳೆಸುವುದು ಸಾಧ್ಯವಾಯಿತು. 2015ರಲ್ಲಿ ಝಿಯಾನ್ ಕಂಪನಿ ತನ್ನ ತೊಕುಯಾಮಾ ಕಾರ್ಖಾನೆಯಲ್ಲಿ ಈ ವಿಧಾನದ ಕೊಳವೆಗಳ ವಾಣಿಜ್ಯ ಉತ್ಪಾದನೆ ಆರಂಭಿಸಿತು.