ಜನನ–ಮರಣ ಪ್ರಮಾಣ: ಭದ್ರಾವತಿಯ ಜನಸಂಖ್ಯೆ ಇಳಿದದ್ದೇಕೆ?

2001ರ ಜನಗಣತಿಯಲ್ಲಿ ಸುಮಾರು 1.60 ಲಕ್ಷವಿದ್ದ ಭದ್ರಾವತಿ ನಗರದ ಜನಸಂಖ್ಯೆ 2011ರ ವೇಳೆಗೆ ಸುಮಾರು 1.51 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ನೆರೆಯ ಶಿವಮೊಗ್ಗ ನಗರ 2.74 ಲಕ್ಷದಿಂದ 3.22 ಲಕ್ಷಕ್ಕೆ ಬೆಳೆಯಿತು. ಉಕ್ಕಿನ ನಗರಿಯಲ್ಲಿ ಹೆರಿಗೆಗಳು ಕಡಿಮೆಯಾದವೇ ಅಥವಾ ಸಾವುಗಳು ಹೆಚ್ಚಿದವೇ? ಇವೆರಡರಿಂದಲೂ ಈ ಇಳಿಕೆಯನ್ನು ವಿವರಿಸಲಾಗದು. ಕಾರಣ ತಿಳಿಯಲು ಜನನ–ಮರಣ ಪ್ರಮಾಣಗಳ ಲೆಕ್ಕಾಚಾರವನ್ನು ತುಸು ಅರಿಯಬೇಕು.

ವರ್ಷವೊಂದರಲ್ಲಿ ಪ್ರತಿ ಸಾವಿರ ಜನರಿಗೆ ಸಂಭವಿಸುವ ಜನನಗಳ ಸಂಖ್ಯೆಯೇ ಜನನ ಪ್ರಮಾಣ. ಸಾವುಗಳ ಸಂಖ್ಯೆ ಮರಣ ಪ್ರಮಾಣ. ಇವೆರಡರ ವ್ಯತ್ಯಾಸ ಸ್ವಾಭಾವಿಕ ಹೆಚ್ಚಳ. ದೇಶವೊಂದು ಅಭಿವೃದ್ಧಿ ಹೊಂದುತ್ತ ಹೋದಂತೆ ಮೊದಲು ಮರಣ ಪ್ರಮಾಣ ತಗ್ಗುತ್ತದೆ. ಜನನ ಪ್ರಮಾಣ ತಗ್ಗುವುದು ಸಾಮಾನ್ಯವಾಗಿ ದಶಕಗಳ ಬಳಿಕ. ನಡುವಿನ ಅವಧಿಯಲ್ಲಿ ಜನಸಂಖ್ಯೆ ಉಬ್ಬುತ್ತದೆ. ಅಮೆರಿಕದ ವಾರೆನ್ ಥಾಂಪ್ಸನ್ 1929ರಲ್ಲಿ ಗುರುತಿಸಿ, ಫ್ರಾಂಕ್ ನೋಟ್‌ಸ್ಟೈನ್ 1945ರಲ್ಲಿ ವಿಸ್ತರಿಸಿದ ಈ ಬದಲಾವಣೆಗೆ ಜನಸಂಖ್ಯಾ ಸಂಕ್ರಮಣವೆಂದು ಹೆಸರು.

ಮೊದಲ ಹಂತದ ಕ್ರೌರ್ಯವನ್ನು ಮೈಸೂರು ಸಂಸ್ಥಾನ ಕಂಡಿತ್ತು. 1871ರಲ್ಲಿ 50.5 ಲಕ್ಷವಿದ್ದ ಜನಸಂಖ್ಯೆ 1876–78ರ ಮಹಾಕ್ಷಾಮದ ಬಳಿಕ, 1881ರಲ್ಲಿ, 41.8 ಲಕ್ಷಕ್ಕೆ ಕುಸಿಯಿತು. ಮಲೆನಾಡಿಗಂತೂ ಮಲೇರಿಯಾ ಬದ್ಧವೈರಿ. 1918ರ ಇನ್‌ಫ್ಲುಯೆಂಜಾ ಎರಗಿದ 1911–21ರ ದಶಕದಲ್ಲಿ ಭಾರತದ ಜನನ ಪ್ರಮಾಣ 48.1, ಮರಣ ಪ್ರಮಾಣ 47.2. ಹುಟ್ಟಿದಷ್ಟೇ ಜನ ಸಾಯುತ್ತಿದ್ದರೆಂದು ಇದರ ಅರ್ಥ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದದ್ದು ಇಂಥ ಕಾಲದ ಬೆನ್ನಿಗೆ, 1923ರಲ್ಲಿ. 1951–61ರ ವೇಳೆಗೆ ದೇಶದ ಮರಣ ಪ್ರಮಾಣ 22.8ಕ್ಕೆ ಇಳಿದಿತ್ತು, 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಪಾಲೂ ಇದರಲ್ಲಿದೆ. ಜನನ ಪ್ರಮಾಣ ಮಾತ್ರ 41.7ರಲ್ಲೇ ನಿಂತಿತ್ತು.

ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಚಿಕಿತ್ಸಾಲಯಗಳನ್ನು ಮೈಸೂರು ಸಂಸ್ಥಾನ 1930ರಲ್ಲೇ ತೆರೆಯಿತು. ಜಗತ್ತಿನಲ್ಲೇ ಇವು ಮೊದಲನೆಯವೆನ್ನಲಾಗುತ್ತದೆ. ಆದರೂ ಮನೆ ಮನೆಯ ನಿರ್ಧಾರ ಬದಲಾಗಲು ಅರ್ಧ ಶತಮಾನ ಬೇಕಾಯಿತು. ಗ್ರಾಮೀಣ ಕರ್ನಾಟಕದಲ್ಲಿ ನೆಲೆಸಿ ಅಧ್ಯಯನ ನಡೆಸಿ, 1988ರಲ್ಲಿ ಗ್ರಂಥ ಪ್ರಕಟಿಸಿದ ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಹಾಗೂ ಪ್ಯಾಟ್ ಕಾಲ್ಡ್‌ವೆಲ್ ತಡವಾಗುತ್ತಿದ್ದ ಮದುವೆ, ಮಕ್ಕಳ ಶಾಲಾ ಖರ್ಚು ಮುಂತಾದ ಕಾರಣಗಳನ್ನು ದಾಖಲಿಸಿದರು. ದುಡಿಯುವ ಕೈಯಾಗಿದ್ದ ಮಗು ಓದಿಸಬೇಕಾದ ಹೊಣೆಯಾದಾಗ ಲೆಕ್ಕವೇ ಬೇರೆಯಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಮಹಿಳೆಯೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ 1992–93ರಲ್ಲಿ 2.85 ಇದ್ದದ್ದು 2019–21ರ ಸಮೀಕ್ಷೆಯಲ್ಲಿ 1.7ಕ್ಕೆ ಇಳಿಯಿತು. ತಲೆಮಾರು ತನ್ನನ್ನು ತಾನು ತುಂಬಿಕೊಳ್ಳಲು 2.1 ಬೇಕು.

ಹಾಗಿದ್ದೂ ರಾಜ್ಯದ ಜನಸಂಖ್ಯೆ ಕೂಡಲೇ ಇಳಿಯದು. ಹಿಂದಿನ ದಶಕಗಳಲ್ಲಿ ಹುಟ್ಟಿದ ಯುವಜನರ ಸಂಖ್ಯೆ ದೊಡ್ಡದಿದೆ. 2020ರ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ಕರ್ನಾಟಕದ ಜನನ ಪ್ರಮಾಣ 16.5, ಮರಣ ಪ್ರಮಾಣ 6.2. ಅದೇ ವರ್ಷ ಕೇರಳದ ಮರಣ ಪ್ರಮಾಣ ಸುಮಾರು 7 ಇತ್ತು. ಅಲ್ಲಿನ ಆಸ್ಪತ್ರೆಗಳು ಕಳಪೆಯೆಂದು ಭಾವಿಸಬೇಕಿಲ್ಲ, ವೃದ್ಧರ ಪಾಲು ಹೆಚ್ಚಿದೆ ಅಷ್ಟೆ.

ಇನ್ನು ಭದ್ರಾವತಿಗೆ ಬರೋಣ. 2011ರಲ್ಲಿ ರಾಜ್ಯದ ಜನನ ಪ್ರಮಾಣ 18.8, ಮರಣ ಪ್ರಮಾಣ 7.1. ಈ ಲೆಕ್ಕದಲ್ಲಿ 1.60 ಲಕ್ಷದ ಊರು ದಶಕದಲ್ಲಿ 18 ಸಾವಿರದಷ್ಟು ಬೆಳೆಯಬೇಕಿತ್ತು. ಬದಲಿಗೆ 9 ಸಾವಿರದಷ್ಟು ಕುಗ್ಗಿತು. ಲೆಕ್ಕ ಸ್ಥೂಲವಾದುದು, ನಗರದ ಜನನ ಪ್ರಮಾಣ ರಾಜ್ಯದ ಸರಾಸರಿಗಿಂತ ಕಡಿಮೆಯಿದ್ದೀತು. ಆದರೂ ಬಂದವರಿಗಿಂತ ಊರು ಬಿಟ್ಟವರು 20 ಸಾವಿರದಷ್ಟಾದರೂ ಹೆಚ್ಚಿದ್ದಿರಬೇಕು. ಕಾರ್ಖಾನೆಯಲ್ಲಿ ಕಾರ್ಮಿಕರ ಸಂಖ್ಯೆ ಕುಗ್ಗುತ್ತಲೇ ಬಂದಿತ್ತು. ಆ ಜನಗಣತಿಯ ನಂತರ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳೂ ನಿಂತವು. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಗಿ ಹೋರಾಟಕ್ಕೆ ಎಡೆಯಾಯಿತು. ವಲಸೆ ಹೋಗುವವರಲ್ಲಿ ಹೆಚ್ಚಿನವರು ದುಡಿಯುವ, ಮಕ್ಕಳನ್ನು ಪಡೆಯುವ ವಯಸ್ಸಿನವರು. ಹೀಗಾಗಿ ಅವರು ಹೋದ ಊರಿನ ಜನನ ಪ್ರಮಾಣ ಇನ್ನಷ್ಟು ತಗ್ಗಿ, ಮರಣ ಪ್ರಮಾಣ ಏರುತ್ತದೆ.

ಸ್ಥಳೀಯ ಅಂಕಿಅಂಶ ಓದುವಾಗ ಇನ್ನೊಂದು ಎಚ್ಚರಿಕೆ ಅಗತ್ಯ. 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದಂತೆ ನೋಂದಣಿಯಾಗುವುದು ಘಟನೆ ಸಂಭವಿಸಿದ ಸ್ಥಳದಲ್ಲಿ. ಭದ್ರಾವತಿಯ ತಾಯಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಹೆತ್ತರೆ ಆ ಜನನ ಶಿವಮೊಗ್ಗದ ದಾಖಲೆಗೆ ಸೇರುತ್ತದೆ. ಮಗು ಬೆಳೆಯುವುದು ಯಾವ ಊರಿನಲ್ಲಿ ಎಂಬುದು ಆ ದಾಖಲೆಯಿಂದ ತಿಳಿಯದು. ಅದಕ್ಕೆ ಜನಗಣತಿಯೇ ಬೇಕು.