ಪರ್ವತ ಛಾಯಾಗ್ರಹಣದಲ್ಲಿ ವೈಡ್ ಆಂಗಲ್ ಲೆನ್ಸ್

ಕಣಿವೆಯಲ್ಲಿ ಕ್ಯಾಮೆರಾ ಹೂಡಿದವರಿಗೆ ಹಿಂದೆ ಸರಿಯಲು ಜಾಗವಿರುವುದಿಲ್ಲ. ಬೆನ್ನಿಗೊಂದು ಬೆಟ್ಟ, ಎದುರಿಗೆ ಇನ್ನೊಂದು. ಬೆಟ್ಟಸಾಲನ್ನು ಒಂದೇ ಚೌಕಟ್ಟಿಗೆ ತರಬೇಕೆಂದರೆ ಅಗಲವಾಗಿ ನೋಡುವ ಲೆನ್ಸೇ ಬೇಕು. ಆದರೆ ಅದು ಅಗಲ ಕೊಟ್ಟು ಎತ್ತರವನ್ನು ಕಸಿದುಕೊಳ್ಳುತ್ತದೆ. 35 ಎಂಎಂ ಫಿಲ್ಮಿನ ಮೇಲೆ 50 ಎಂಎಂ ಲೆನ್ಸ್ ಸುಮಾರು 46 ಡಿಗ್ರಿ ನೋಡಿದರೆ, 24 ಎಂಎಂ ಲೆನ್ಸ್ 84 ಡಿಗ್ರಿ ನೋಡುತ್ತದೆ. ದೂರದ ಶಿಖರ ಮಾತ್ರ ಅರ್ಧಕ್ಕಿಂತ ಚಿಕ್ಕದಾಗಿ ಮೂಡುತ್ತದೆ.

ಬ್ರಿಟಿಷ್ ಛಾಯಾಗ್ರಾಹಕ ಸ್ಯಾಮ್ಯುಯೆಲ್ ಬೋರ್ನ್ 1866ರಲ್ಲಿ ಹಿಮಾಲಯದ ಮಣಿರಂಗ್ ಕಣಿವೆದಾರಿಯನ್ನು, ಸುಮಾರು 18,600 ಅಡಿ ಎತ್ತರದಲ್ಲಿ, ಚಿತ್ರಿಸಿದಾಗ ಗಾಜಿನ ಫಲಕಕ್ಕೆ ಸ್ಥಳದಲ್ಲೇ ರಾಸಾಯನಿಕ ಬಳಿದು, ಅದು ಒಣಗುವ ಮುನ್ನವೇ ತೊಳೆಯಬೇಕಿತ್ತು. ಅದೇ ದಶಕದಲ್ಲಿ ಅಮೆರಿಕದ ಹ್ಯಾರಿಸನ್ ಮತ್ತು ಷ್ನಿಟ್ಜರ್ ಅಗಲ ನೋಟದ ತಮ್ಮ ಗ್ಲೋಬ್ ಲೆನ್ಸಿಗೆ ಪೇಟೆಂಟ್ ಪಡೆದರು. ಅದರ ಹೊರಮೈಗಳೆರಡೂ ಒಂದೇ ಗೋಳದ ಭಾಗಗಳು. ಹೆಸರು ಬಂದದ್ದು ಅದರಿಂದಲೇ. 1900ರಲ್ಲಿ ಜರ್ಮನಿಯ ಗೋರ್ಜ್ ಸಂಸ್ಥೆಯ ಹೈಪರ್ಗಾನ್ 135 ಡಿಗ್ರಿವರೆಗೆ ನೋಡಿತು. ಅಷ್ಟು ಅಗಲಕ್ಕೆ ಹೋದಾಗ ಚಿತ್ರದ ಮೂಲೆಗಳಿಗೆ ಬೆಳಕು ಸಾಲದೆ ಕಪ್ಪಿಡುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ ನೋಡುವಂಥದ್ದು: ಲೆನ್ಸಿನ ಮುಂದೆ ನಕ್ಷತ್ರದಾಕಾರದ ಪುಟ್ಟ ಗಿರಗಟ್ಟೆ. ರಬ್ಬರ್ ಬುರುಡೆಯನ್ನು ಹಿಸುಕಿದರೆ ಅದು ಗಾಳಿಗೆ ತಿರುಗುತ್ತ ನಡುವಿನ ಬೆಳಕನ್ನು ತಡೆಯುತ್ತಿತ್ತು. ಅಂಚುಗಳಿಗೆ ಸಾಕಷ್ಟು ಬೆಳಕು ಬಿದ್ದ ಮೇಲೆ ಅದನ್ನು ಸರಿಸಿ ನಡುವಿಗೂ ಬೆಳಕು ಬಿಡುತ್ತಿದ್ದರು.

ಇಟಲಿಯ ವಿಟ್ಟೋರಿಯೊ ಸೆಲ್ಲಾ ಬೇರೆ ದಾರಿ ಹಿಡಿದರು. 1899ರಲ್ಲಿ ಕಾಂಚನಜುಂಗಾ ಸುತ್ತಲೂ, 1909ರಲ್ಲಿ ಕೆ2 ಬಳಿಯ ಬಾಲ್ಟೊರೊ ಹಿಮನದಿಯಲ್ಲೂ ಅವರು ಕ್ಯಾಮೆರಾ ತಿರುಗಿಸುತ್ತ ಒಂದರ ಪಕ್ಕ ಒಂದರಂತೆ ಚಿತ್ರ ತೆಗೆದು, ಜೋಡಿಸಿ ಪನೋರಮಾ ಮಾಡಿದರು. ಅಗಲವೂ ಸಿಕ್ಕಿತು, ಶಿಖರವೂ ಕುಗ್ಗಲಿಲ್ಲ. ಬೆಟ್ಟದ ಘನತೆಯನ್ನು ಹೀಗೆ ಉಳಿಸಿಕೊಂಡವರು ಕಡಿಮೆ.

ಚಿಕ್ಕ ಕ್ಯಾಮೆರಾಗಳ ಕಾಲಕ್ಕೆ ತೊಡಕು ಬೇರೆಯೇ ಆಯಿತು. ಅಗಲ ನೋಟದ ಲೆನ್ಸಿನ ಹಿಂಭಾಗ ಫಿಲ್ಮಿಗೆ ತೀರ ಹತ್ತಿರ ಕೂರಬೇಕು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ನೋಟವನ್ನು ಕಣ್ಣಿಗೆ ತೋರಿಸುವ ಕನ್ನಡಿ ಆ ಜಾಗದಲ್ಲೇ ಏಳುತ್ತದೆ. ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ತಂದ 35 ಎಂಎಂ ರೆಟ್ರೋಫೋಕಸ್ ಲೆನ್ಸಿನ ಮುಂದೆ ಬೆಳಕನ್ನು ಹರಡುವ ಗಾಜಿತ್ತು. ಅದರಿಂದ ಲೆನ್ಸು ಫಿಲ್ಮಿನಿಂದ ದೂರ ಕೂತೇ ಕೆಲಸ ಮಾಡಬಲ್ಲದಾಯಿತು.

ನಿಜವಾದ ತಿರುವು ಬಂದದ್ದು ಮಾತ್ರ ಗಾಜಿನಿಂದಲ್ಲ, ನೋಟದಿಂದ. ಅಮೆರಿಕದ ಡೇವಿಡ್ ಮ್ಯೂಂಚ್ ದೊಡ್ಡ ಕ್ಯಾಮೆರಾವನ್ನು ನೆಲಕ್ಕೆ ತಗ್ಗಿಸಿ, ಹೂವನ್ನೋ ಬಂಡೆಯನ್ನೋ ಎದುರಿಗೆ ತುಂಬಿಕೊಂಡು, ಶಿಖರವನ್ನು ಅದರಾಚೆ ನಿಲ್ಲಿಸಿದರು. ಶಿಖರ ಕುಗ್ಗಿದ್ದೇ ದೂರವನ್ನು ಹೇಳತೊಡಗಿತು. ಇಂಥ ಕ್ಯಾಮೆರಾದಲ್ಲಿ ಲೆನ್ಸನ್ನು ತುಸು ಮುಂದಕ್ಕೆ ಬಾಗಿಸಿದರೆ ಹತ್ತಿರದ ಎಸಳೂ ದೂರದ ಹಿಮವೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಪರ್ವತಾರೋಹಿ ಗೇಲನ್ ರೋವೆಲ್ (1940–2002) ಹಗುರ 35 ಎಂಎಂ ಕ್ಯಾಮೆರಾ ಹಿಡಿದೇ ಹತ್ತಿದರು. ಚೌಕಟ್ಟು ಅಗಲವಾದಷ್ಟೂ ಬೆಳಗುವ ಹಿಮವೂ ನೆರಳಿನ ಕಣಿವೆಯೂ ಒಟ್ಟಿಗೆ ಬಂದು ಸ್ಲೈಡ್ ಫಿಲ್ಮ್ ಸೋಲುತ್ತಿತ್ತು. ಮೇಲರ್ಧವನ್ನು ಮಾತ್ರ ಮಬ್ಬಾಗಿಸುವ ಫಿಲ್ಟರ್‌ಗಳನ್ನು ಅವರು ಬಳಕೆಗೆ ತಂದರು, ಅವು ಅವರ ಹೆಸರಿನಲ್ಲೇ ಮಾರಾಟವಾದವು.

2019ರ ಐಫೋನ್ 11ರಲ್ಲಿ 120 ಡಿಗ್ರಿ ನೋಡುವ ಲೆನ್ಸ್ ಬಂತು. ಸೆಲ್ಲಾ ಕೈಯಿಂದ ಮಾಡಿದ ಜೋಡಣೆಯನ್ನೂ ಹೈಪರ್ಗಾನಿನ ಗಿರಗಟ್ಟೆ ಮಾಡುತ್ತಿದ್ದ ಮೂಲೆ ತಿದ್ದುವಿಕೆಯನ್ನೂ ಇಂದಿನ ಫೋನುಗಳಲ್ಲಿ ತಂತ್ರಾಂಶವೇ ಮಾಡುತ್ತದೆ. ಎದುರಿಗೆ ಯಾವ ಕಲ್ಲನ್ನು ಇಟ್ಟುಕೊಳ್ಳಬೇಕೆಂಬುದನ್ನು ಮಾತ್ರ ಇಂದಿಗೂ ಬಗ್ಗಿ ನೋಡಿಯೇ ಆರಿಸಬೇಕು.