ಸಾವಿನ ಮನೆಯಲ್ಲಿ ನಗೆ

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಈ ಸೀಮೆಗೆಲ್ಲ ಹೆಸರುವಾಸಿ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹತರಾದ ಇಮಾಂ ಹುಸೇನರ ನೆನಪಿನ ಶೋಕಾಚರಣೆ ಅದು. ಆದರೆ ಮಸ್ಕಿ, ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಅದಕ್ಕೆ ಅಲಾಯಿ ಹಬ್ಬವೆಂದೇ ಹೆಸರು. ಹಿಂದೂ ಮುಸ್ಲಿಮರಿಬ್ಬರೂ ಸೇರುತ್ತಾರೆ. ಒಂದೆಡೆ ಹುಸೇನರ ಬಲಿದಾನದ ಪದಗಳು, ಅದೇ ಬೀದಿಯಲ್ಲಿ ಹರಕೆಯ ಹುಲಿವೇಷ, ಮೈಗೆ ಮಸಿ ಬಳಿದುಕೊಂಡು ಜನರನ್ನು ನಗಿಸುವ ಸೋಗಿನವರು. ಕೊಲೆಯ ರಾತ್ರಿ ಎಂಬರ್ಥದ 'ಕತ್ಲ್ ರಾತ್' ಕನ್ನಡಿಗರ ಬಾಯಲ್ಲಿ 'ಕತ್ತಲ ರಾತ್ರಿ'ಯಾಗಿದೆ. ಇಲ್ಲಿ ನಗುವುದು ಹುತಾತ್ಮರನ್ನು ಕಂಡಲ್ಲ, ಬದುಕಿ ಉಳಿದವರನ್ನು ಕಂಡು.

ಬ್ರಿಟನ್ನಿನ 'ಬ್ಲ್ಯಾಕ್ ಕಾಮಿಡಿ' ಚಿತ್ರಗಳು ಹಿಡಿದದ್ದೂ ಈ ಎಳೆಯನ್ನೇ. ಎರಡನೇ ಮಹಾಯುದ್ಧ ಮುಗಿದರೂ ಆ ದೇಶದಲ್ಲಿ ಪಡಿತರ ಮುಗಿದಿರಲಿಲ್ಲ; ಅದು 1954ರವರೆಗೂ ನಡೆಯಿತು. ಗಲ್ಲು ಶಿಕ್ಷೆಯೂ ಜಾರಿಯಲ್ಲಿತ್ತು. ಅಂಥ ಹೊತ್ತಿನಲ್ಲಿ, 1949ರಲ್ಲಿ, ಲಂಡನ್ನಿನ ಈಲಿಂಗ್ ಸ್ಟುಡಿಯೋದಿಂದ ಬಂದ ಚಿತ್ರ ರಾಬರ್ಟ್ ಹ್ಯಾಮರ್ ನಿರ್ದೇಶನದ 'ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್'. ತಾಯಿಯನ್ನು ಹೊರಗಟ್ಟಿದ ಸಿರಿವಂತ ಮನೆತನದವರನ್ನು ದಾರಿಯಿಂದ ಸರಿಸುತ್ತ ಡ್ಯೂಕ್ ಪದವಿಗೇರುವ ತರುಣನ ಕತೆ. ಆ ಮನೆತನದ ಎಂಟು ಪಾತ್ರಗಳನ್ನು, ಹೆಂಗಸೊಬ್ಬಳದೂ ಸೇರಿ, ನಿರ್ವಹಿಸಿದವರು ಒಬ್ಬರೇ: ಅಲೆಕ್ ಗಿನ್ನೆಸ್.

ಇದರಲ್ಲಿ ಅಬ್ಬರವಿಲ್ಲ, ಚೀರಾಟವಿಲ್ಲ. ಕೊಲೆಗಾರ ಚಹಾ ಕುಡಿಯುವಷ್ಟೇ ಸಮಾಧಾನದಿಂದ ತನ್ನ ಕತೆ ಹೇಳುತ್ತಾನೆ. ಗಲ್ಲಿಗೇರಿಸುವವನಿಗೂ ಇರುವ ಚಿಂತೆ, ಡ್ಯೂಕರನ್ನು ಹೇಗೆ ಸಂಬೋಧಿಸಬೇಕೆಂಬುದು! ಪ್ರೇಕ್ಷಕ ನಗುವುದು ಹೆಣ ಕಂಡಲ್ಲ. ಹೆಣದ ಮುಂದೆಯೂ ಬಿಡದ ಗತ್ತು ಕಂಡು. ಲಾರ್ಡುಗಳ ವಿಚಾರಣೆಯನ್ನು ಲಾರ್ಡುಗಳೇ ನಡೆಸುವ ಹಕ್ಕು ಬ್ರಿಟನ್ನಿನಲ್ಲಿ ರದ್ದಾದದ್ದು 1948ರಲ್ಲಿ. ಮರುವರ್ಷದ ಈ ಚಿತ್ರದಲ್ಲಿ ಆ ವೈಭವದ ವಿಚಾರಣೆ ಮತ್ತೊಮ್ಮೆ ನಡೆದು, ಮಾಡಿದ ಕೊಲೆಗಳಿಗೆಲ್ಲ ತಪ್ಪಿಸಿಕೊಂಡವನಿಗೆ ಮಾಡದ ಸಾವಿಗಾಗಿ ಶಿಕ್ಷೆಯಾಗುತ್ತದೆ. ಕೊನೆಗೆ ಬಿಡುಗಡೆಯಾದರೂ, ಎಲ್ಲವನ್ನೂ ಒಪ್ಪಿಕೊಂಡು ಬರೆದ ಆತ್ಮಕತೆ ಸೆರೆಮನೆಯಲ್ಲೇ ಉಳಿದುಬಿಡುತ್ತದೆ. ಮುಂದೇನು? ಚಿತ್ರ ಹೇಳುವುದಿಲ್ಲ. ಅಮೆರಿಕದವರಿಗೆ ಅದು ಸಹಿಸಲಿಲ್ಲ. ಅಪರಾಧಿ ಸಿಕ್ಕಿಬೀಳಲೇಬೇಕೆಂಬ ಅಲ್ಲಿನ ಸಿನಿಮಾ ಕಟ್ಟಳೆಗಾಗಿ, ಆ ಹಾಳೆಗಳು ಅಧಿಕಾರಿಗಳ ಕೈಸೇರುವ ದೃಶ್ಯವನ್ನು ಕೊನೆಯಲ್ಲಿ ಜೋಡಿಸಲಾಯಿತು. ನಗೆಯ ಅರ್ಧ ಜೀವ ಅಲ್ಲೇ ಹೋಯಿತೆನ್ನಬೇಕು.

1955ರ 'ದಿ ಲೇಡಿಕಿಲರ್ಸ್' ಕೂಡ ಅದೇ ಮನೆಯದು. ಸಂಗೀತಗಾರರ ಸೋಗಿನಲ್ಲಿ ಬಂದ ಐವರು ದರೋಡೆಕೋರರು ಚಹಾ ಕೊಡುವ ಅಜ್ಜಿಯನ್ನು ಕೊಲ್ಲಲಾಗದೆ ತಾವೇ ಸಾಯುತ್ತಾರೆ.

ಕನ್ನಡದಲ್ಲಿ ಈ ಬಗೆಯ ನಗೆಗೆ ಹೊರದೇಶದಲ್ಲೂ ಮನ್ನಣೆ ತಂದದ್ದು ರಾಮ್ ರೆಡ್ಡಿ ನಿರ್ದೇಶನದ 'ತಿಥಿ'. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ಇಲ್ಲಿ ತೆರೆಕಂಡಿತು. ಮಂಡ್ಯ ಸೀಮೆಯ ಹಳ್ಳಿಗರೇ ಅದರ ನಟರು. ಸೆಂಚುರಿ ಗೌಡ ಸತ್ತಿದ್ದಾನೆ, ತಿಥಿಯ ಬಾಡೂಟಕ್ಕೆ ಕುರಿ ಹೊಂದಿಸಬೇಕು. ಮೊಮ್ಮಗ ತಮ್ಮಣ್ಣನ ಕಣ್ಣು ಜಮೀನಿನ ಮೇಲೆ. ಅಡ್ಡ ಇರುವುದು ಲೋಕದ ಗೊಡವೆಯೇ ಇಲ್ಲದೆ ಅಲೆಯುವ ಅಪ್ಪ ಗಡ್ಡಪ್ಪ. ಸರಿ, ಅಪ್ಪನೂ ಸತ್ತನೆಂದು ಕಾಗದ ಹುಟ್ಟಿಸಲು ಮಗ ಹೊರಡುತ್ತಾನೆ. ಆಡುಮಾತು ಬೇರೆಯಾದರೇನು, ಪೋತಿ ಖಾತೆಗಾಗಿ ಒಮ್ಮೆಯಾದರೂ ಕಚೇರಿ ಅಲೆದ ಸಿಂಧನೂರಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಸತ್ತವನೂ ಕಾಗದ ತರಬೇಕು, ಬದುಕಿದವನೂ ತರಬೇಕು.